ಆಷಾಢದ ಗಾಳಿಗೆ ತಾರಸಿಯ ಟೊಮೆಟೊ ಉಳಿಸಿಕೊಳ್ಳುವುದು ಹೇಗೆ?

ಆಷಾಢದಲ್ಲಿ ಬೆಳಿಗ್ಗೆ ತಾರಸಿಗೆ ಹೋದರೆ ಟೊಮೆಟೊ ಗಿಡ ಕುಂಡದ ಸಮೇತ ಮಗುಚಿ ಬಿದ್ದಿರುತ್ತದೆ. ಸುತ್ತಲೂ ಶೀಟು ಕಟ್ಟಿಬಿಡೋಣ ಅನ್ನಿಸುತ್ತದೆ ಅಲ್ವಾ? ದಯವಿಟ್ಟು ಕಟ್ಟಬೇಡಿ. ಗಿಡಕ್ಕೆ ಗಾಳಿ ಬೇಕು, ಅದರ ರಭಸ ಬೇಡ.

ಹದವಾದ ಗಾಳಿಗೆ ತೂಗಾಡಿದ ಗಿಡದ ಕಾಂಡ ದಪ್ಪಗಾಗುತ್ತದೆ. ಟೊಮೆಟೊ ಹೂವು ಅಲುಗಿದರೆ ಪರಾಗ ಉದುರಿ ಕಾಯಿ ಕಚ್ಚುತ್ತದೆ. ಮಳೆ ನಿಂತ ಮೇಲೆ ಎಲೆ ಬೇಗ ಒಣಗುವುದರಿಂದ ಅಂಗಮಾರಿ ರೋಗಕ್ಕೂ ತಡೆ. ಆದರೆ ಗಾಳಿ ಜೋರಾದರೆ ಬೇರು ಕೊಡುವುದಕ್ಕಿಂತ ಹೆಚ್ಚು ನೀರನ್ನು ಎಲೆ ಕಳೆದುಕೊಳ್ಳುತ್ತದೆ. ಆಗ ಎಲೆ ತನ್ನ ಸಣ್ಣ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ, ಬೆಳವಣಿಗೆ ಕುಂಟುತ್ತದೆ.

ಮೊದಲು ಗಾಳಿಯ ದಾರಿ ನೋಡಿ. ಬೆಂಗಳೂರಿನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಅದು ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಆದರೆ ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ ಇದ್ದ ಕಡೆ ಸುಳಿ ತಿರುಗುತ್ತದೆ. ನಾಲ್ಕು ಮೂಲೆಗೂ ಬಟ್ಟೆಯ ಚೂರು ಕಟ್ಟಿ ಎರಡು ದಿನ ಗಮನಿಸಿ.

ಈಗ ಪಡುವಣ ದಿಕ್ಕಿಗೆ 50% ಶೇಡ್ ನೆಟ್, ಅಂದರೆ ಅರ್ಧದಷ್ಟು ಬಿಸಿಲು ತಡೆಯುವ ನೆರಳು ಬಲೆ ಕಟ್ಟಿ. ಗೋಡೆಯಂಥ ತಡೆ ಕಟ್ಟಿದರೆ ಗಾಳಿ ಮೇಲೆ ಹಾರಿ, ಹಿಂದೆ ಸುಳಿಯಾಗಿ ಬಂದು ಗಿಡಕ್ಕೆ ಬಡಿಯುತ್ತದೆ. ನೆಟ್ ಒಂದಿಷ್ಟು ಗಾಳಿಯನ್ನು ಬಿಟ್ಟುಕೊಟ್ಟು ಅದರ ಸೊಕ್ಕು ಇಳಿಸುತ್ತದೆ. ಹೊಲದ ಬದುವಿನಲ್ಲಿ ಸಾಲಾಗಿ ಸರ್ವೆ ನೆಡುವುದೂ ಇದಕ್ಕೇ. ಆ ಮರಕ್ಕೆ ನಮ್ಮವರು ಗಾಳಿಮರ ಅಂತಲೇ ಹೆಸರಿಟ್ಟಿದ್ದಾರೆ! ಇಂಥ ತಡೆಯ ಆಸರೆ ಅದರ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೂ ಸಿಗುತ್ತದೆ. ಹಾಗಾಗಿ 5 ಅಡಿಯ ನೆಟ್ ಮನೆಯ ತಾರಸಿಗೆ ಧಾರಾಳ ಸಾಕು. ಕುಂಡಗಳಿಗೆ ಮಾತ್ರ ಕಟ್ಟಬೇಡಿ, ನೆಟ್ ಹಾಯಿಪಟದ ಹಾಗೆ ಉಬ್ಬಿ ಎಳೆಯುತ್ತದೆ. ಗಟ್ಟಿ ಕಂಬ ಬೇಕು.

ಊರುಗೋಲನ್ನು ಸಸಿ ನೆಡುವಾಗಲೇ ನೆಡಿ. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಕಟ್ಟುವುದಕ್ಕೆ ಹಳೇ ಸೀರೆಯ ಪಟ್ಟಿ ಒಳ್ಳೆಯದು. ಕೋಲಿಗೂ ಕಾಂಡಕ್ಕೂ ನಡುವೆ ಎಂಟರ ಆಕಾರದಲ್ಲಿ ಸುತ್ತಿ, ಬೆರಳು ತೂರುವಷ್ಟು ಸಡಿಲ ಬಿಡಿ. ಒಂದು ವರ್ಷ ನಾನು ಪ್ಲಾಸ್ಟಿಕ್ ದಾರದಿಂದ ಬಿಗಿಯಾಗಿ ಕಟ್ಟಿದ್ದೆ. ಗಾಳಿಗೆ ಉಜ್ಜಿ ಉಜ್ಜಿ ಮೂರು ಗಿಡಗಳ ಕಾಂಡ ಕೊಯ್ದುಹೋಯಿತು. ಕಾಯಿ ತುಂಬಿದ್ದ ಗಿಡಗಳು, ಇವತ್ತಿಗೂ ನೆನೆದರೆ ಬೇಜಾರಾಗುತ್ತದೆ.

ಗಿಡದ ಒಳಗೂ ಗಾಳಿ ಆಡಬೇಕು. ಉರಿಯುವ ಊದುಬತ್ತಿಯನ್ನು ಎಲೆಗಳ ನಡುವೆ, ತಗುಲದ ಹಾಗೆ ಹಿಡಿಯಿರಿ. ಹೊಗೆ ಅಲ್ಲೇ ಸುತ್ತಾಡುತ್ತಿದ್ದರೆ ಒಳಗೆ ಜಾಸ್ತಿ ದಟ್ಟವಾಗಿದೆ ಎಂದರ್ಥ. ಮಣ್ಣಿನಿಂದ ಒಂದಡಿ ಎತ್ತರದವರೆಗಿನ ಎಲೆ ತೆಗೆಯಿರಿ, ಗಿಡಗಳ ನಡುವೆ 2 ಅಡಿ ಬಿಡಿ.

ಗಾಳಿಯ ದಿನಗಳಲ್ಲಿ ಮೋಡ ನೋಡಿ ಮೋಸ ಹೋಗಬೇಡಿ. ಮಣ್ಣಿಗೆ ಬೆರಳಿಟ್ಟು ನೋಡಿ, ಒಣಗಿದ್ದರೆ ಬೆಳಿಗ್ಗೆಯೇ ಬುಡಕ್ಕೆ ನೀರು ಕೊಡಿ.

ಇಷ್ಟಾದರೂ ಒಂದು ಗಿಡ ಬಾಗಿಬಿತ್ತೇ? ಸುಮ್ನೆ ಕಿತ್ತೆಸೆಯಬೇಡಿ. ಕಾಂಡ ಪೂರ್ತಿ ಮುರಿದಿಲ್ಲವಾದರೆ ಬಾಗಿದ ಭಾಗಕ್ಕೆ ಮಣ್ಣು ಏರಿಸಿ. ಟೊಮೆಟೊ ಕಾಂಡ ಅಲ್ಲೇ ಹೊಸ ಬೇರು ಬಿಡುತ್ತದೆ.