ಓಟಿಯಲ್ಲಿ (ಆಪರೇಷನ್ ಥಿಯೇಟರಲ್ಲಿ) ಕೇಸ್ ಕೈಮೀರಿದ ಮೇಲೆ ಟೀಮ್ ಕೂತು ಮಾತಾಡೋದು ಹೆಂಗೆ

ರಾತ್ರಿ ಸಿಸೇರಿಯನ್ನಲ್ಲಿ ಬ್ಲೀಡಿಂಗ್ ನಿಲ್ಲದೇ ಓಟಿ ಪೂರ್ತಿ ಓಡಾಟ, ಕೊನೆಗೆ ಪೇಶಂಟ್ ಒಂದು ಹದಕ್ಕೆ ಬಂದ್ಳು, ಇಲ್ಲಾ ಮಳೇಲಿ ಘಟ್ಟದ ರಸ್ತೆ ಹಿಡಿದು ಹುಬ್ಬಳ್ಳಿಗೆ ರೆಫರ್ ಆದ್ಳು ಅಂತಿಟ್ಕೊಳ್ಳಿ. ಶಿರಸಿ, ಕುಮಟಾ ಕಡೆ ಇದೇನು ಹೊಸದಲ್ಲ. ಆಮೇಲೆ ಎಲ್ಲರೂ ಗೌನ್ ಬಿಚ್ಚಿ ಮನೆಗೆ, ಮಾತು ಮಾತ್ರ ಮರುದಿನ ಚಾ ಕುಡಿಯೋವಾಗ ಗುಂಪು ಗುಂಪಾಗಿ. ಅದಾಗೋ ಮುಂಚೆ, ಡ್ಯೂಟಿ ಬಿಡೋಕಿಂತ ಮೊದ್ಲೇ, ಹತ್ತು ನಿಮಿಷ ಒಟ್ಟಿಗೆ ನಿಂತು ಮಾತಾಡಿ. ಪೇಶಂಟ್ ಹತ್ರ ಒಬ್ರು ಇರ್ಲೇಬೇಕು, ಮನೆಯವ್ರಿಗೆ ಡಾಕ್ಟ್ರು ವಿಷಯ ಹೇಳಿ ಆಗಿರ್ಬೇಕು, ಜಾಗ ಅವರ ಕಿವಿಗೆ ಬೀಳದಂಗೆ ಇರ್ಬೇಕು.

ಸರ್ಜನ್, ಅನಸ್ತೇಶಿಯಾ ಡಾಕ್ಟ್ರು, ಸಿಸ್ಟರ್ ಅಷ್ಟೇ ಸಾಲದು, ರಕ್ತ ತರೋಕೆ ಓಡಿದ ವಾರ್ಡ್ ಬಾಯ್, ಆಯಾ ಎಲ್ಲರನ್ನೂ ಕರೀರಿ. ರಕ್ತ ಇಡೋ ಫ್ರಿಜ್ಜಿನ ಕೀ ಯಾರ ಹತ್ರ ಇತ್ತು, ಫಾರ್ಮಲ್ಲಿ ಸಹಿ ಇಲ್ಲ ಅಂತ ಯಾರು ವಾಪಸ್ ಕಳ್ಸಿದ್ರು ಅನ್ನೋದು ಓಡಿದವನಿಗೇ ಗೊತ್ತು.

ನಡೆಸೋರು ಸಮಾಧಾನದವ್ರು ಯಾರಾದ್ರೂ ಆಗ್ಬಹುದು, ಸೀನಿಯರ್ ಸಿಸ್ಟರ್ ಆದ್ರೆ ಇನ್ನೂ ಒಳ್ಳೇದು. ಮೊದ್ಲು ಟೈಮ್ ಹಿಡ್ಕೊಂಡು ಹೋಗಿ: ಬ್ಲೀಡಿಂಗ್ ಜಾಸ್ತಿ ಅಂತ ಗೊತ್ತಾಗಿದ್ದು ಎಷ್ಟೊತ್ತಿಗೆ, ಸಹಾಯಕ್ಕೆ ಫೋನ್ ಮಾಡಿದ್ದು ಯಾವಾಗ, ರಕ್ತದ ಬ್ಯಾಗ್ ಬಂದಿದ್ದು ಯಾವಾಗ. ಆಮೇಲೆ ಯಾವುದು ಸರಿ ಹೋಯ್ತು, ಎಲ್ಲಿ ಸಿಕ್ಕಾಕೊಂಡ್ವಿ. ಕಿರಿಯರಿಂದ ಶುರು ಮಾಡ್ಸಿ, ಯಾಕಂದ್ರೆ ದೊಡ್ಡ ಡಾಕ್ಟ್ರು ಮೊದ್ಲು ಬಾಯಿಬಿಟ್ರೆ ಉಳಿದವ್ರದ್ದೆಲ್ಲ "ಹೌದು ಸರ್" ಅಷ್ಟೇ. "ನೀನ್ಯಾಕೆ ಲೇಟ್ ಮಾಡ್ದೆ" ಅಂತ ಯಾರಾದ್ರೂ ಶುರು ಹಚ್ಕೊಂಡ್ರೆ ಅಲ್ಲೇ ತಡೆದು "ಲೇಟ್ ಆಗಿದ್ದು ಎಲ್ಲಿ" ಅಂತ ಕೇಳಿ.

ಕೊನೆಗೆ ಬದಲಾಯಿಸೋದು ಒಂದೋ ಎರಡೋ ಸಾಕು, ಯಾರು ಮಾಡ್ತಾರೆ, ಎಷ್ಟರೊಳಗೆ ಅಂತ ಬರ್ಕೊಳ್ಳಿ. ಪೇಶಂಟ್ ಹೆಸರು ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ ಮಾರಾಯ್ರೆ. ಕೇಸ್ ಶೀಟ್, ಇನ್ಸಿಡೆಂಟ್ ರಿಪೋರ್ಟ್ ಬರೆಯೋ ಕೆಲ್ಸ ಬೇರೆನೇ, ಇದು ಆಯ್ತು ಅಂತ ಅದನ್ನ ಬಿಡೋಹಂಗಿಲ್ಲ. ಸ್ವಲ್ಪ ದಿನ ಬಿಟ್ಟು ರೆಕಾರ್ಡ್ ಎಲ್ಲ ಮುಂದಿಟ್ಕೊಂಡು ಇನ್ನೊಮ್ಮೆ ವಿವರವಾಗಿ ಕೂರ್ಬೇಕು.

ಪೇಶಂಟ್ ತೀರ್ಕೊಂಡಿದ್ರೆ ಕೆಲವ್ರಿಗೆ ಮಾತೇ ಹೊರಡಲ್ಲ. ಒತ್ತಾಯ ಬೇಡ, ಅಂಥವ್ರನ್ನ ಕೂಡ್ಲೇ ಮುಂದಿನ ಕೇಸಿಗೂ ನಿಲ್ಲಿಸ್ಬೇಡಿ, ಎರಡು ದಿನ ಬಿಟ್ಟು ವಿಚಾರಿಸಿ, ಬೇಕಾದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ನಂಬರ್ ಕೊಡಿ.

ಇದೆಲ್ಲ ಒಮ್ಮೆಲೇ ರೂಢಿ ಆಗಲ್ಲ. ಡಬ್ಲ್ಯೂಎಚ್‌ಒ 2008ರಲ್ಲಿ ತಂದ ಸರ್ಜರಿ ಚೆಕ್‌ಲಿಸ್ಟಿನ ಕೊನೇ ಭಾಗ, ಅಂದ್ರೆ ಪೇಶಂಟ್ ಓಟಿ ಬಿಡೋ ಮುಂಚೆ ಮಾಡೋ ಸೈನ್ ಔಟಲ್ಲಿ, ಉಪಕರಣ ಏನಾದ್ರೂ ಕೈಕೊಟ್ತಾ ಅಂತ ಕೇಳೋದು ಇದ್ದೇ ಇದೆ. ಮಾಮೂಲಿ ಹರ್ನಿಯಾ ಕೇಸಲ್ಲೂ ಅದನ್ನ ಬಾಯಿಬಿಟ್ಟು ಕೇಳೋದ್ರಿಂದ ಶುರು ಮಾಡಿ.