ಓಣಿಗೆ ನೀರು ನುಗ್ಗಿದಾಗ ಮೊದಲು ಉಳಿಸಬೇಕಾದದ್ದು ಸಂಪ್

ಹುಬ್ಬಳ್ಳಿಯ ನೆರೆ ಹೊಳೆಯ ನೆರೆಯಲ್ಲ. ಉಣಕಲ್ ಕೆರೆ ಕೋಡಿ ಬಿದ್ದು ನಾಲಾ ತುಂಬಿತೆಂದರೆ ಗಟಾರದ ನೀರಿಗೆ ಹೋಗಲು ಜಾಗ ಸಿಗದೆ ಬಂದ ದಾರಿಯಲ್ಲೇ ತಿರುಗುತ್ತದೆ. ಅದಕ್ಕೇ ತಗ್ಗಿನ ಓಣಿಗಳಲ್ಲಿ ನೀರು ಮೊದಲು ಕಾಣುವುದು ಹೊಸ್ತಿಲಲ್ಲಿ ಅಲ್ಲ, ಬಚ್ಚಲದಲ್ಲಿ. ಬಾಗಿಲಿಗಷ್ಟೇ ಉಸುಕಿನ ಚೀಲ ಒಟ್ಟಿ ಕೂತರೆ ಗಟಾರ ಹಿಂದಿನಿಂದ ನಡುಮನೆಗೆ ಬರುತ್ತದೆ.

ಕಾಯಂ ಉಪಾಯ ಬೇಕೆಂದರೆ ಮನೆಯ ಕೊನೆಯ ಚೇಂಬರಿನ ನಂತರ, ನಾಲ್ಕಿಂಚಿನ ಪೈಪಿನಲ್ಲಿ ನಾನ್ ರಿಟರ್ನ್ ವಾಲ್ವ್, ಅಂದರೆ ನೀರನ್ನು ಹೊರಗೆ ಬಿಟ್ಟು ವಾಪಸ್ ಬರಗೊಡದ ಮುಚ್ಚಳ, ಕೂಡಿಸಬೇಕು. ಕೂದಲು, ಪ್ಲಾಸ್ಟಿಕ್ ಸಿಕ್ಕಿಕೊಂಡರೆ ಅದರ ಮುಚ್ಚಳ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ರೋಹಿಣಿ ಮಳೆಗೆ ಮೊದಲು ಒಮ್ಮೆ, ಹಸ್ತ ಮಳೆಗೆ ಮೊದಲು ಒಮ್ಮೆ ಬಿಚ್ಚಿ ತೊಳೆಯುತ್ತೇನೆ. ವಾಲ್ವ್ ಮುಚ್ಚಿರುವಷ್ಟು ಹೊತ್ತು ನಮ್ಮ ನೀರೂ ಹೊರಗೆ ಹೋಗದು. ಜಳಕ, ಬಟ್ಟೆ ಎಲ್ಲ ಬಂದ್. ವಾಲ್ವ್ ಇಲ್ಲದವರು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹತ್ತು ಕಿಲೋ ಉಸುಕು ತುಂಬಿ ಕಮೋಡಿನೊಳಗೆ, ಬಚ್ಚಲದ ಜಾಲರಿಯ ಮೇಲೆ ಇಡಬಹುದು. ಒಂದು ಅಡಿ ನೀರು ನಾಲ್ಕಿಂಚಿನ ತೂತನ್ನು ಎರಡೂವರೆ ಕಿಲೋದಷ್ಟೇ ಒತ್ತುತ್ತದೆ. ಜಿನುಗುತ್ತದೆ, ಆದರೆ ಉಕ್ಕುವುದಿಲ್ಲ.

ಬಾಗಿಲಿಗೆ ಸಿಮೆಂಟಿನ ಖಾಲಿ ಚೀಲ ಸಾಕು. ಅರ್ಧಕ್ಕಿಂತ ಹೆಚ್ಚು ತುಂಬಬಾರದು. ಗಟ್ಟಿ ತುಂಬಿದ ಚೀಲ ಉರುಟಾಗಿ, ನಡುವೆ ಸಂದು ಬಿಡುತ್ತದೆ. ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಇಟ್ಟಂಗಿ ಕಟ್ಟಿದ ಹಾಗೆ ಸಂದು ತಪ್ಪಿಸಿ ಒಟ್ಟಿ, ತುಳಿದು ಚಪ್ಪಟೆ ಮಾಡಬೇಕು. ಮೂರೂವರೆ ಅಡಿ ಬಾಗಿಲಿಗೆ ಒಂದಡಿ ಎತ್ತರಕ್ಕೆ ಹತ್ತು ಚೀಲ ಹಿಡಿಯುತ್ತದೆ. ಹೊರಗೆ ನೀರು ಎರಡಡಿ ದಾಟಿತೋ, ತಡೆಯುವ ಹಟ ಬೇಡ. ಆ ಒತ್ತಡಕ್ಕೆ ಹಳೆಯ ಗೋಡೆ ಬಿರಿಯುತ್ತದೆ. ಸಾಮಾನು ಎತ್ತಿಟ್ಟು ಮಂದಿಯನ್ನು ಮಾಳಿಗೆಗೆ ಹತ್ತಿಸಿ.

ಇನ್ನು ಸಂಪ್. ಇಪ್ಪತ್ನಾಲ್ಕು ತಾಸು ನೀರು ಬರುವ ವಾರ್ಡುಗಳನ್ನು ಬಿಟ್ಟರೆ ಇಲ್ಲಿ ನಳ ಬರುವುದೇ ದಿನಗಳನ್ನು ಎಣಿಸಿದ ಮೇಲೆ. ಸಂಪಿನೊಳಗೆ ಗಟಾರದ ನೀರು ಇಳಿದರೆ ಮನೆ ಒಣಗಿದ ಮೇಲೂ ಕುಡಿಯಲು ಹನಿ ಇರುವುದಿಲ್ಲ. ಮುಚ್ಚಳದ ಸುತ್ತ ಒಂಬತ್ತಿಂಚಿನ ಕಟ್ಟೆ ಕಟ್ಟಿಸಿ, ಹಳೆಯ ಸೈಕಲ್ ಟ್ಯೂಬ್ ಸೀಳಿ ಅಂಚಿಗೆ ಹಾಸಿ, ಮೇಲೆ ಕಲ್ಲಿನ ಭಾರ ಹೇರಬೇಕು. ಗಾಳಿ ಪೈಪನ್ನು ಮೂರಡಿಗೆ ಏರಿಸಿ ಬಾಯಿ ಕೆಳಗೆ ಮಾಡಬೇಕು. ಹೆಚ್ಚಿನವರು ಮರೆಯುವುದು ಸಂಪಿನ ಗೋಡೆಯನ್ನು. ನಮ್ಮ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುತ್ತದೆ, ಅದರ ಜೊತೆ ಸಂಪಿನ ಗೋಡೆಯೂ ಸೀಳುತ್ತದೆ. ಮೇ ತಿಂಗಳಲ್ಲಿ ತುಂಬಿಸಿ, ರಾತ್ರಿ ಗುರುತು ಹಾಕಿ, ಬೆಳಿಗ್ಗೆ ಅರ್ಧ ಇಂಚು ಇಳಿದಿದ್ದರೂ ರಿಪೇರಿ ಮಾಡಿಸಿ. ಒಳಗಿನ ನೀರು ಹೊರಗೆ ಹೋಗುವ ಸೀಳಿನಲ್ಲೇ ಹೊರಗಿನ ಹೊಲಸು ಒಳಗೆ ಬರುತ್ತದೆ. ಮಳೆ ಜೋರಾಗುವ ಮುಂಚೆ ಸಂಪನ್ನು ತುಂಬಿಡುವುದು ಎರಡು ಪಟ್ಟು ಲಾಭ: ಕುಡಿಯಲು ನೀರಿರುತ್ತದೆ, ಒಳಗಿನ ಭಾರ ಹೊರಗಿನ ನೀರನ್ನೂ ತಡೆಯುತ್ತದೆ.

ವಿದ್ಯುತ್ತಿನದು ಚಿಕ್ಕ ಮಾತು, ಆದರೆ ಜೀವದ ಮಾತು. ನೀರು ಒಳಗೆ ಬರುವ ಮೊದಲೇ, ಒಣ ನೆಲದಲ್ಲಿ ನಿಂತು ಮೇನ್ ಆಫ್ ಮಾಡಿ, ಆಮೇಲೆ ಇನ್ವರ್ಟರ್ ಕೂಡ. ಮೇನ್ ತೆಗೆದರೂ ಇನ್ವರ್ಟರ್ ಸಾಕೆಟ್ಟಿಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಬೋರ್ಡಿನ ಕೆಳಗೆ ಆಗಲೇ ನೀರು ನಿಂತಿದ್ದರೆ ಮುಟ್ಟದೆ ಹೆಸ್ಕಾಂನ 1912ಕ್ಕೆ ಫೋನ್ ಹಚ್ಚಿ. ಗ್ಯಾಸ್ ರೆಗ್ಯುಲೇಟರ್ ಬಿಚ್ಚಿ ಸಿಲಿಂಡರ್ ಕಟ್ಟಿಹಾಕಿ. ಖಾಲಿಯದು ಒಂದಡಿ ನೀರಿಗೇ ತೇಲುತ್ತದೆ, ನೀರು ಹೆಚ್ಚಿದರೆ ತುಂಬಿದ್ದೂ ತೇಲುತ್ತದೆ. ಒಲೆ ಹಚ್ಚಲಾಗದ ಆ ಎರಡು ದಿನಕ್ಕೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಚುರಮುರಿ ಮೇಲಿನ ಹಲಗೆಯಲ್ಲಿರಲಿ. ಅಕ್ಕಿ ಚೀಲ ನೋಡಿ ಹೊಟ್ಟೆ ತುಂಬುವುದಿಲ್ಲ.

ನೀರು ಇಳಿದ ಮೇಲೆ ಸಂಪ್ ಕೆಟ್ಟಿದೆಯೆಂದು ಅವಸರದಿಂದ ಪೂರ್ತಿ ಖಾಲಿ ಮಾಡಬೇಡಿ. ಸುತ್ತಲ ಮಣ್ಣು ತೊಯ್ದಿರುವಾಗ ಖಾಲಿ ಸಂಪನ್ನು ನೆಲದ ನೀರು ಮೇಲಕ್ಕೆ ಒತ್ತಿ ತಳ ಒಡೆಯುತ್ತದೆ. ಹಿತ್ತಲ ನೆಲ ಹೆಜ್ಜೆಗೆ ಗಟ್ಟಿಯಾಗುವ ತನಕ ಕಾಯಿರಿ, ಆಮೇಲೆ ಪಂಪಿನ ಪ್ಲಗ್ ಕಿತ್ತು, ಮುಚ್ಚಳ ತೆಗೆದು ಅರ್ಧ ದಿನ ಗಾಳಿ ಆಡಿಸಿ. ಅಷ್ಟಾದರೂ ಒಳಗೆ ವಿಷಗಾಳಿ ಉಳಿದಿರಬಹುದು. ಕೆಸರನ್ನು ಮೇಲಿನಿಂದಲೇ ತೆಗೆಸುವುದು ಮೇಲು, ಒಬ್ಬರೇ ಇಳಿಯುವ ಮಾತಂತೂ ಬೇಡ. ಗೋಡೆ ತಿಕ್ಕಿ ತೊಳೆದು ತುಂಬಿಸಿ, ಸಾವಿರ ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿದು ಒಂದು ದಿನ ಬಿಡಬೇಕು. ಈ ನೀರು ಕುಡಿಯಲು ಅಲ್ಲ, ಹೊರಗೆ ಚೆಲ್ಲಿ. ಎರಡನೆಯ ಸಲ ತುಂಬಿದ ನೀರಿಗೆ ಸಾವಿರ ಲೀಟರಿಗೆ 2.5 ಗ್ರಾಂ, ಒಂದು ತಾಸು ಬಿಟ್ಟು ಬಳಕೆ. ಮಳೆಗಾಲದಲ್ಲಿ ಒಡೆದ ಪೌಡರ್ ಪಾಕೀಟು ಸತ್ವ ಕಳೆದುಕೊಳ್ಳುತ್ತದೆ, ಘಾಟು ವಾಸನೆ ಇಲ್ಲದ್ದು ಕೆಲಸಕ್ಕೆ ಬಾರದು.

ನಳ ಬಂದ ಮೊದಲ ದಿನ ಹತ್ತು ನಿಮಿಷ ನೀರನ್ನು ಗಟಾರಕ್ಕೆ ಬಿಡಿ. ಖಾಲಿ ಲೈನು ಸೋರುವ ಜಾಯಿಂಟಿನಲ್ಲಿ ಹೊಲಸು ಎಳೆದುಕೊಂಡಿರುತ್ತದೆ. ತಿಳಿಯಾದ ಮೇಲೆ ಸಂಪಿಗೆ ತಿರುಗಿಸಿ, ಕುಡಿಯುವುದನ್ನು ಇನ್ನೂ ಒಂದು ವಾರ ಕುದಿಸಿಯೇ ಕುಡಿಯಿರಿ.