ಭಾರತದ ಡೆಬಿಟ್ ಕಾರ್ಡ್‌ನಲ್ಲಿ ಇಲ್ಲಿ ಆನ್‌ಲೈನ್ ಖರೀದಿ: ಹೊಸದಾಗಿ ಬಂದವರಿಗೆ

ಭಾರತದಿಂದ ವಿದೇಶಕ್ಕೆ ಹೊಸದಾಗಿ ಬಂದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಅಕೌಂಟಲ್ಲಿ ದುಡ್ಡಿದೆ, ಆದ್ರೂ ಕಾರ್ಡ್ ಯಾಕೆ ತಗೊಳ್ತಿಲ್ಲ?" ಇಲ್ಲಿ ಬ್ಯಾಂಕ್ ಖಾತೆ ತೆರೆಯೋಕೆ ಹೋದರೆ ವಿಳಾಸದ ಪುರಾವೆ ಕೇಳುತ್ತಾರೆ. ವಿಳಾಸ ಬೇಕು ಅಂದರೆ ಮನೆ ಸಿಗಬೇಕು. ಅಷ್ಟರೊಳಗೆ ಹಾಸಿಗೆ, ಅಡಾಪ್ಟರ್, ಚಳಿಗೊಂದು ಜಾಕೆಟ್ ಎಲ್ಲ ತರಿಸಬೇಕು. ಆ ನಡುವಿನ ದಿನಗಳಿಗೆ ಭಾರತದ ಡೆಬಿಟ್ ಕಾರ್ಡೇ ಗತಿ. ಅದು ನಡೆಯುತ್ತದೆ, ಆದರೆ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಮೊದಲೇ ಗೊತ್ತಿದ್ದರೆ ತಲೆನೋವು ಕಡಿಮೆ.

ಮೊದಲು ಬ್ಯಾಂಕಿನ ಆ್ಯಪ್ ತೆಗೆದು ಕಾರ್ಡಿನ ಸೆಟ್ಟಿಂಗ್ಸ್ ನೋಡಿ. ರಿಸರ್ವ್ ಬ್ಯಾಂಕ್ 2020ರಲ್ಲಿ ತಂದ ನಿಯಮದ ಪ್ರಕಾರ, ಹೊಸ ಕಾರ್ಡ್ ಕೈಗೆ ಬಂದಾಗ ಭಾರತದೊಳಗಿನ ಎಟಿಎಂ ಮತ್ತು ಅಂಗಡಿಯ ಮಷಿನ್‌ನಲ್ಲಿ ಮಾತ್ರ ನಡೆಯುತ್ತದೆ. ವಿದೇಶದ ಬಳಕೆ, ಆನ್‌ಲೈನ್ ಬಳಕೆ ಎರಡನ್ನೂ ನಾವೇ ಆನ್ ಮಾಡಿಕೊಳ್ಳಬೇಕು. ಬಹಳ ಜನ ವಿದೇಶದ ಸ್ವಿಚ್ ಒತ್ತಿ ಆಯ್ತು ಅಂದುಕೊಳ್ಳುತ್ತಾರೆ. ಅದರ ಒಳಗೆ ಆನ್‌ಲೈನ್‌ಗೆ ಬೇರೆ ಸ್ವಿಚ್ ಇರುತ್ತದೆ, ದಿನದ ಲಿಮಿಟ್ಟೂ ಬೇರೆ. ಲಿಮಿಟ್ ಸೊನ್ನೆಯಲ್ಲೇ ಕೂತಿದ್ದರೆ ಸ್ವಿಚ್ ಆನ್ ಇದ್ದೂ ಪ್ರಯೋಜನ ಇಲ್ಲ.

ಕಾರ್ಡಿನ ಮೇಲೆ ಯಾವ ಗುರುತಿದೆ ಅಂತಲೂ ನೋಡಿಕೊಳ್ಳಿ. ವೀಸಾ, ಮಾಸ್ಟರ್‌ಕಾರ್ಡ್ ಆದರೆ ಚಿಂತೆ ಇಲ್ಲ. ರುಪೇ ಕಾರ್ಡುಗಳಲ್ಲಿ ಕೆಲವು ಭಾರತಕ್ಕೆ ಮಾತ್ರ. ಅಂತರರಾಷ್ಟ್ರೀಯ ರುಪೇ ಆದರೆ ಹೆಚ್ಚಾಗಿ ಡಿಸ್ಕವರ್ ಅನ್ನುವ ಅಮೆರಿಕದ ಕಾರ್ಡ್ ನೆಟ್‌ವರ್ಕ್ ಮೂಲಕ ನಡೆಯುತ್ತದೆ. ಹಾಗಾಗಿ ಡಿಸ್ಕವರ್ ತೆಗೆದುಕೊಳ್ಳದ ಸೈಟಿನಲ್ಲಿ ಅದನ್ನು ಹಾಕಿ ನೋಡುವುದು ಸುಮ್ನೆ ಸಮಯ ಹಾಳು.

ಇನ್ನು ಒಟಿಪಿ. ಭಾರತದಲ್ಲಿ ಒಟಿಪಿ ಇಲ್ಲದೆ ಆನ್‌ಲೈನ್‌ನಲ್ಲಿ ಏನೂ ಕೊಂಡು ಅಭ್ಯಾಸ ಇಲ್ಲ ನಮಗೆ. ಇಲ್ಲಿ ಹಲವು ಸೈಟುಗಳು, ಮುಖ್ಯವಾಗಿ ಅಮೆರಿಕದವು, ಕೇಳುವುದೇ ಇಲ್ಲ. ಕಾರ್ಡ್ ನಂಬರ್, ಅವಧಿ ಮುಗಿಯುವ ತಿಂಗಳು, ಹಿಂದಿನ ಮೂರಂಕಿಯ ಸಿವಿವಿ ಹಾಕಿದರೆ ದುಡ್ಡು ಹೋಯಿತು ಅಂತಲೇ ಲೆಕ್ಕ. ಯುರೋಪಿನ ಸೈಟುಗಳು ಹೆಚ್ಚಾಗಿ ಕೇಳುತ್ತವೆ. ಕೇಳಿದಾಗ ಅದು ಹೋಗುವುದು ಬ್ಯಾಂಕಿನಲ್ಲಿ ಕೊಟ್ಟಿರುವ ಭಾರತದ ನಂಬರಿಗೆ.

ಸಿಮ್ಮನ್ನು ಅಪ್ಪನ ಫೋನಿಗೆ ಹಾಕಿಟ್ಟು ಬರುವವರು ಇನ್ನೂ ಇದ್ದಾರೆ. ಅಲ್ಲಿ ನಡುರಾತ್ರಿ, ಇಲ್ಲಿ ಹಣ ಕಟ್ಟುವ ಪುಟದಲ್ಲಿ ಸೆಕೆಂಡುಗಳು ಇಳಿಯುತ್ತಿವೆ, ವಾಟ್ಸ್ಯಾಪ್ ಕಾಲ್‌ನಲ್ಲಿ "ಬಂತಾ? ಓದಿ ಹೇಳಿ ಬೇಗ". ಅವರು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಒಟಿಪಿ ಸತ್ತಿರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಏನೆಂದರೆ, ಫೋನಿನಲ್ಲಿ ಒಟಿಪಿ ಓದಿ ಹೇಳುವ ಅಭ್ಯಾಸ ಹಿರಿಯರಿಗೆ ಆಗಬಾರದು. ನಾಳೆ ಮೋಸಗಾರ ಕೇಳಿದರೂ ಹಾಗೇ ಓದಿ ಹೇಳುತ್ತಾರೆ. ಸಿಮ್ ನಿಮ್ಮ ಜೊತೆಗೇ ಇರಲಿ. ಎರಡು ಸಿಮ್‌ನ ಫೋನಿನಲ್ಲಿ ಭಾರತದ್ದನ್ನು ಎರಡನೆಯದಾಗಿ ಹಾಕಿ, ಹೊರಡುವ ಮೊದಲೇ ಅಂತರರಾಷ್ಟ್ರೀಯ ರೋಮಿಂಗ್ ಆನ್ ಮಾಡಿಸಿ, ಅದರ ಡೇಟಾ ಮಾತ್ರ ಆಫ್ ಮಾಡಿಡಿ. ರೋಮಿಂಗ್‌ನಲ್ಲಿ ಒಳಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಆದರೆ ಕಾಲ್ ಎತ್ತಿದರೆ ಬಿಲ್ ಏರುತ್ತದೆ.

ಅಮೆರಿಕ, ಕೆನಡಾ, ಬ್ರಿಟನ್‌ಗಳಲ್ಲಿ ವಿಳಾಸದ್ದೊಂದು ರಗಳೆ ಇದೆ. ಅಲ್ಲಿನ ಅಂಗಡಿಗಳು ನೀವು ಹಾಕಿದ ಬಿಲ್ಲಿಂಗ್ ವಿಳಾಸದ ಅಂಕಿಗಳನ್ನು, ಅಂದರೆ ಮನೆ ನಂಬರ್ ಮತ್ತು ಅಂಚೆ ಕೋಡನ್ನು, ಕಾರ್ಡ್ ಕೊಟ್ಟ ಬ್ಯಾಂಕಿನ ದಾಖಲೆ ಜೊತೆ ತಾಳೆ ನೋಡುತ್ತವೆ. ಬಿಲ್ಲಿಂಗ್ ವಿಳಾಸ ಅಂದರೆ ಬ್ಯಾಂಕಿನಲ್ಲಿರುವ ವಿಳಾಸ, ಪಾರ್ಸೆಲ್ ಬರಬೇಕಾದ ವಿಳಾಸ ಬೇರೆ. ಎರಡೂ ಒಂದೇ ಅನ್ನುವ ಕಡೆ ಟಿಕ್ ಮೊದಲೇ ಹಾಕಿರುತ್ತದೆ. ಅದನ್ನು ತೆಗೆಯಿರಿ. ಬಿಲ್ಲಿಂಗ್ ದೇಶ ಭಾರತ ಅಂತ ಮೊದಲು ಆರಿಸಿ, ಆಮೇಲೆ ಆರಂಕಿಯ ಪಿನ್‌ಕೋಡ್ ಹಾಕಿ. ದೇಶ ಆರಿಸದೆ ಹಾಕಿದರೆ ಐದಂಕಿಯ ಜಿಪ್ ಕೋಡ್ ಕೊಡಿ ಅಂತ ಕೆಂಪು ಸಾಲು ಬರುತ್ತದೆ. ದೇಶಗಳ ಪಟ್ಟಿಯಲ್ಲಿ ಭಾರತವೇ ಇಲ್ಲ ಅಂದರೆ ಆ ಅಂಗಡಿ ಬಿಟ್ಟುಬಿಡಿ. ಮತ್ತೆ ಮತ್ತೆ ಒತ್ತುತ್ತಾ ಹೋದರೆ ಬ್ಯಾಂಕಿಗೆ ಅನುಮಾನ ಬಂದು ಕಾರ್ಡನ್ನೇ ಬ್ಲಾಕ್ ಮಾಡಬಹುದು. ಇದಕ್ಕೊಂದು ಉಪಾಯ ಇದೆ. ದೊಡ್ಡ ಆನ್‌ಲೈನ್ ಅಂಗಡಿಗಳ ಗಿಫ್ಟ್ ಕಾರ್ಡುಗಳು ಸೂಪರ್‌ಮಾರ್ಕೆಟ್‌ನಲ್ಲಿ ನಗದಿಗೆ ಸಿಗುತ್ತವೆ. ಕೋಡನ್ನು ಆ ಅಂಗಡಿಯ ಸೈಟಿನಲ್ಲಿರುವ ನಿಮ್ಮ ಖಾತೆಗೆ ಸೇರಿಸಿದರೆ ಮುಗಿಯಿತು, ಬ್ಯಾಂಕಿನ ಗೊಡವೆಯೇ ಇಲ್ಲ.

ಈಗ ದುಡ್ಡಿನ ಲೆಕ್ಕ. ವಿದೇಶಿ ಕರೆನ್ಸಿಯಲ್ಲಿ ಕೊಂಡರೆ ಬ್ಯಾಂಕ್ ಅದರ ಮೇಲೆ ಮಾರ್ಕಪ್ ಅಂತ ಹೆಚ್ಚುವರಿ ಶುಲ್ಕ ಹಾಕುತ್ತದೆ. 3.5 ಶೇಕಡಾ ಅಂತ ಇಟ್ಟುಕೊಳ್ಳಿ, ಇದು ತುಂಬ ಕಡೆ ಇರುವ ದರ. ಆ ಮಾರ್ಕಪ್ ಮೇಲೆ 18 ಶೇಕಡಾ ಜಿಎಸ್‌ಟಿ. ಅಂದರೆ 10,000 ರೂಪಾಯಿಯ ಸಾಮಾನಿಗೆ 350, ಅದರ ತೆರಿಗೆ 63, ಒಟ್ಟು 413 ರೂಪಾಯಿ ಜಾಸ್ತಿ. ನಿಮ್ಮ ಕಾರ್ಡಿನದ್ದು ಎಷ್ಟು ಅಂತ ಬ್ಯಾಂಕಿನ ಶುಲ್ಕದ ಪಟ್ಟಿಯಲ್ಲಿ ನೋಡಿಕೊಳ್ಳಿ.

ಇದನ್ನು ನೋಡಿ ಹೆದರಿ ರೂಪಾಯಿಯಲ್ಲೇ ಕಟ್ಟೋಣ ಅಂತ ಹೋಗಬೇಡಿ. ಕೆಲವು ಸೈಟುಗಳ ಕೊನೆಯ ಪುಟದಲ್ಲಿ ಎರಡು ಮೊತ್ತ ಕಾಣುತ್ತವೆ, ಒಂದು ಇಲ್ಲಿನ ಕರೆನ್ಸಿಯಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿಯದ್ದನ್ನೇ ಮೊದಲೇ ಆರಿಸಿಟ್ಟಿರುವುದೂ ಉಂಟು. ನೋಡಿದ ಕೂಡಲೇ ನಮ್ಮ ದುಡ್ಡಿನ ಲೆಕ್ಕ ಕಂಡು ಸಮಾಧಾನ ಆಗುತ್ತದೆ, ಅಲ್ವಾ? ಆದರೆ ಆ ದರ ಅಂಗಡಿಯ ಕಡೆಯವರು ಇಟ್ಟಿದ್ದು, ಅವರ ಲಾಭ ಅದರೊಳಗೇ ಸೇರಿರುತ್ತದೆ. ಅದರ ಮೇಲೆ ಕೆಲವು ಬ್ಯಾಂಕುಗಳು ಅಂಗಡಿ ವಿದೇಶದ್ದು ಅಂತ ಬೇರೆ ಶುಲ್ಕವನ್ನೂ ಹಾಕುತ್ತವೆ. ಯಾವಾಗಲೂ ಇಲ್ಲಿನ ಕರೆನ್ಸಿಯನ್ನೇ ಆರಿಸಿ.

ವಾಪಸ್ ಕಳಿಸುವ ಸಾಧ್ಯತೆ ಇರುವ ಸಾಮಾನಿಗೆ, ಬಟ್ಟೆ ಚಪ್ಪಲಿ ಇಂಥವಕ್ಕೆ, ಈ ಕಾರ್ಡ್ ಬಳಸದಿದ್ದರೆ ಒಳ್ಳೆಯದು. ರೀಫಂಡ್ ಬರುವ ದಿನದ ದರಕ್ಕೆ ರೂಪಾಯಿ ಆಗಿ ಬರುತ್ತದೆ, ಮಾರ್ಕಪ್ ಸಾಮಾನ್ಯವಾಗಿ ಹೋದದ್ದು ಹೋದದ್ದೇ. ಹೋಟೆಲ್ ಬುಕಿಂಗ್‌ಗಂತೂ ಬೇಡವೇ ಬೇಡ. ಅವರು ಠೇವಣಿ ಅಂತ ಹಿಡಿದಿಡುವ ಮೊತ್ತ ಡೆಬಿಟ್ ಕಾರ್ಡ್‌ನಲ್ಲಿ ನಿಮ್ಮ ಖಾತೆಯ ನಿಜವಾದ ದುಡ್ಡು. ಬಿಡುಗಡೆ ಆಗುವವರೆಗೂ ಕೈಗೆ ಸಿಗುವುದಿಲ್ಲ. ತಿಂಗಳ ಚಂದಾಗಳೂ ಇದರಲ್ಲಿ ನಿಲ್ಲುವುದಿಲ್ಲ. ಭಾರತದ ಕಾರ್ಡುಗಳಿಂದ ತಾನಾಗಿ ಹಣ ಕಡಿತ ಆಗಬೇಕಾದರೆ ಮೊದಲು ಒಪ್ಪಿಗೆ ನೋಂದಾಯಿಸಬೇಕು ಅನ್ನುವ ನಿಯಮ 2021ರ ಅಕ್ಟೋಬರ್‌ನಿಂದ ಬಿಗಿಯಾಗಿ ಜಾರಿಯಲ್ಲಿದೆ. ಎಷ್ಟೋ ವಿದೇಶಿ ಕಂಪನಿಗಳಲ್ಲಿ ಅದಕ್ಕೆ ವ್ಯವಸ್ಥೆಯೇ ಇಲ್ಲ.

ಒಟಿಪಿ ಇಲ್ಲದೆ ದುಡ್ಡು ಹೋಗುತ್ತದೆ ಅಂದೆನಲ್ಲ, ಕಳ್ಳನಿಗೂ ಅದೇ ದಾರಿ. ಅದಕ್ಕೆ ಉಳಿತಾಯವೆಲ್ಲ ಇರುವ ಖಾತೆಯ ಕಾರ್ಡನ್ನು ಯಾವ ಸೈಟಿಗೂ ಕೊಡಬೇಡಿ. ಇನ್ನೊಂದು ಖಾತೆ ಇಟ್ಟು, ಬೇಕಾದಾಗ ಬೇಕಾದಷ್ಟನ್ನೇ ಅದಕ್ಕೆ ಹಾಕಿಕೊಳ್ಳಿ. ಕೊಂಡಾದ ಮೇಲೆ ಕಾರ್ಡಿನ ಆನ್‌ಲೈನ್ ಸ್ವಿಚ್ ಆಫ್. ನೀವು ಮಾಡದ ಖರ್ಚಿನ ಮೆಸೇಜ್ ಬಂದರೆ ಬೆಳಗಾಗಲಿ ಅಂತ ಕಾಯದೆ ಆಗಲೇ ಆ್ಯಪ್‌ನಲ್ಲಿ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ತಡ ಆದಷ್ಟೂ ನಷ್ಟ ನಿಮ್ಮ ತಲೆಗೇ ಬರುವ ಸಾಧ್ಯತೆ ಹೆಚ್ಚು.

ಇಲ್ಲಿನ ಖಾತೆ ಆಗಿ ಇಲ್ಲಿನ ಕಾರ್ಡ್ ಬಂದ ಮೇಲೆ ಭಾರತದ್ದನ್ನು ಖರೀದಿಗೆ ಮುಟ್ಟುವ ಅಗತ್ಯವಿಲ್ಲ. ಕೆಲಸಕ್ಕೆ ಅಂತ ಬಂದು ನೆಲೆಸುವವರಾದರೆ ಭಾರತದ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿ ಭಾರತೀಯರ ರೂಪಾಯಿ ಖಾತೆಯಾಗಿ ಬದಲಾಯಿಸಿಕೊಳ್ಳಬೇಕು. ಹಾಗೆ ಬದಲಾದ ಮೇಲೆ ಹೊಸ ಕಾರ್ಡ್ ವಿದೇಶದಲ್ಲಿ ನಡೆಯದೇ ಇರಬಹುದು, ಬ್ಯಾಂಕಿನಲ್ಲಿ ಕೇಳಿಕೊಂಡೇ ಅರ್ಜಿ ಹಾಕಿ. ಭಾರತದ ಸಿಮ್ಮಿನ ರೀಚಾರ್ಜ್ ಮಾತ್ರ ನಿಲ್ಲಿಸಬೇಡಿ. ಬಳಕೆ ಇಲ್ಲದ ನಂಬರನ್ನು ಕಂಪನಿ ಬೇರೆಯವರಿಗೆ ಕೊಟ್ಟುಬಿಡುತ್ತದೆ. ಆಮೇಲೆ ನಿಮ್ಮ ನೆಟ್‌ಬ್ಯಾಂಕಿಂಗ್ ಒಟಿಪಿ ಯಾರದೋ ಫೋನಿಗೆ ಹೋಗುತ್ತದೆ.